ಸೆಲ್ಲು ಕೊಡುವುದೇನು?

ಕನ್ನಡ ಪಾಠ ಹೇಳುವವನು ವಿದ್ಯುತ್ತಿನ ವಿಷಯವಾಗಿ ಬರೆಯಲು ಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಚಂಪೂಕಾವ್ಯಕ್ಕೂ ಟಾರ್ಚಿನ ಸೆಲ್ಲಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಸಮಾಧಾನವಿಲ್ಲ. ಆದರೆ ನಾನು ಬರೆದ ಒಂದೇ ಒಂದು ವಾಕ್ಯದ ದೆಸೆಯಿಂದ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯವಾಯಿತು. ಅದನ್ನು ಸರಿಪಡಿಸುವ ಸಲುವಾಗಿ ನಾನು ನಾಲ್ಕು ಸಂಜೆ ಭೌತಶಾಸ್ತ್ರದ ಪ್ರಯೋಗಶಾಲೆಯ ಎತ್ತರದ ಸ್ಟೂಲಿನ ಮೇಲೆ ಕುಳಿತು ಪಾಠ ಹೇಳಿಸಿಕೊಳ್ಳಬೇಕಾಯಿತು. ಅಲ್ಲಿ ಕಂಡದ್ದನ್ನು ಕಂಡಂತೆ ಇಲ್ಲಿ ನಿವೇದಿಸುತ್ತೇನೆ.

ನಡೆದದ್ದು ಇಷ್ಟು. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯರೊಬ್ಬರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಅನುಕೂಲವಾಗಲೆಂದು ನೇರ ವಿದ್ಯುತ್ ಪ್ರವಾಹದ ಮೇಲೆ ಹತ್ತಾರು ಪುಟದ ಟಿಪ್ಪಣಿಯೊಂದನ್ನು ಸಿದ್ಧಪಡಿಸಿದರು. ನೇರ ಪ್ರವಾಹವೆಂದರೆ ಸದಾ ಒಂದೇ ದಿಕ್ಕಿಗೆ ಹರಿಯುವುದು; ಟಾರ್ಚು, ಗೋಡೆಯ ಗಡಿಯಾರ, ಕೈಯ ಮೊಬೈಲು ಇವುಗಳಲ್ಲಿರುವುದು ಅದು. ಗೋಡೆಯ ಪ್ಲಗ್ಗಿನಲ್ಲಿ ಬರುವುದು ಒಂದು ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುವ ಬೇರೆಯ ಜಾತಿ. ಅದರ ಗೊಡವೆ ಇಲ್ಲಿ ಬೇಡ. "ಭಾಷೆಯ ದೃಷ್ಟಿಯಿಂದ ಒಮ್ಮೆ ಕಣ್ಣಾಡಿಸಿಕೊಡಿ" ಎಂದು ಅವರು ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಕಣ್ಣಾಡಿಸಿ ಎಂದರೆ ಕೈಯಾಡಿಸುವುದು ನಮ್ಮ ವೃತ್ತಿಯವರ ಹಳೆಯ ಚಾಳಿ. ಅದರಲ್ಲೊಂದು ವಾಕ್ಯವಿತ್ತು: "ಕೋಶವು ವಿದ್ಯುದಾವೇಶವನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ, ಹೊರಗಣ ಮಂಡಲದಲ್ಲಿ ಅದು ಇಳಿಯುವಾಗ ಕೆಲಸ ನಡೆಯುತ್ತದೆ." ನನಗೆ ಇದು ಒರಟಾಗಿ ಕಂಡಿತು. ಎತ್ತುವುದೇನು, ಇಳಿಯುವುದೇನು! ಕೆಂಪು ಶಾಯಿಯಿಂದ ಹೊಡೆದುಹಾಕಿ ಹೀಗೆ ಬರೆದೆ: "ಕೋಶದ ಒಡಲಲ್ಲಿ ಅಡಗಿ ಕುಳಿತ ವಿದ್ಯುತ್ತು ತಂತಿಯ ಹಾದಿ ಹಿಡಿದು ಹರಿದು ಬಂದು, ದೀಪದ ಎಳೆಯಲ್ಲಿ ಬೆಳಕಾಗಿ ಕರಗಿಹೋಗುತ್ತದೆ." ವಾಕ್ಯ ನನಗೇ ಎಷ್ಟು ಹಿಡಿಸಿತೆಂದರೆ, ಹಸ್ತಪ್ರತಿಯನ್ನು ಹಿಂದಿರುಗಿಸುವ ಮೊದಲೇ, ಮರುದಿನ ಬಿ.ಎಸ್ಸಿ. ಮೊದಲ ವರ್ಷದ ಕನ್ನಡ ತರಗತಿಯಲ್ಲಿ "ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಸೊಗಸಾಗಿ ಹೇಳುವ ಬಗೆ" ಎಂದು ಅದನ್ನೇ ಬರೆಯಿಸಿದೆ.

ಒಂದು ತಿಂಗಳಾದ ಮೇಲೆ ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಭೌತಶಾಸ್ತ್ರದ ಕಿರುಪರೀಕ್ಷೆಯ ಉತ್ತರಪತ್ರಿಕೆ. ಕೋಶದ ಕಾರ್ಯವನ್ನು ವಿವರಿಸಿರಿ ಎಂಬ ಮೂರು ಅಂಕದ ಪ್ರಶ್ನೆಗೆ ಆಕೆ ನನ್ನ ವಾಕ್ಯವನ್ನು ಒಂದಕ್ಷರ ಬಿಡದೆ ಬರೆದು, ಕೊನೆಗೆ ದೊಡ್ಡದೊಂದು ಸೊನ್ನೆ ಗಳಿಸಿದ್ದಳು. "ಸರ್, ಇದರಲ್ಲಿ ಎರಡು ತಪ್ಪಿದೆಯಂತೆ. ಆದರೆ ಇದು ನೀವು ಬರೆಸಿದ್ದು" ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡದ ಮೇಷ್ಟ್ರು ಬರೆಸಿದ ಕನ್ನಡ ವಾಕ್ಯ ಸುಳ್ಳಾಗುವುದು ಹೇಗೆಂಬುದಷ್ಟೇ ಅವಳ ಬೆರಗು. ಹಳ್ಳಿಯ ಶಾಲೆಯಿಂದ ಬಂದವಳು. ಅವಳ ಪಾಲಿಗೆ ಅಚ್ಚುಕಟ್ಟಾದ ಕನ್ನಡವೆಂದರೆ ನಿಜವೆಂದೇ ಅರ್ಥ. ಅವಳನ್ನು ಕರೆದುಕೊಂಡು ನೇರವಾಗಿ ಪ್ರಯೋಗಶಾಲೆಗೆ ಹೋದೆ.

ಗೆಳೆಯರು ನಕ್ಕರು. "ಪಂಡಿತರೇ, ಒಂದೇ ವಾಕ್ಯದಲ್ಲಿ ಎರಡು ಸುಳ್ಳು ಹೇಳಿದ್ದೀರಿ. ವಿದ್ಯುತ್ತು ಕೋಶದಲ್ಲಿ ಅಡಗಿ ಕುಳಿತಿಲ್ಲ, ದೀಪದಲ್ಲಿ ಕರಗುವುದೂ ಇಲ್ಲ" ಎಂದು ಹೇಳಿ, ಮಾತನ್ನು ಅಲ್ಲಿಗೇ ನಿಲ್ಲಿಸಿ, ಒಂದು ಸೆಲ್ಲು, ಒಂದು ಪುಟ್ಟ ದೀಪ, ಎರಡು ಆಮ್ಮೀಟರುಗಳನ್ನು ಮೇಜಿನ ಮೇಲಿಟ್ಟರು. ಆಮ್ಮೀಟರೆಂದರೆ ಪ್ರವಾಹವನ್ನು ಅಳೆಯುವ ಉಪಕರಣ. ಒಂದನ್ನು ದೀಪಕ್ಕೆ ಮೊದಲು, ಇನ್ನೊಂದನ್ನು ದೀಪವನ್ನು ದಾಟಿದ ಮೇಲೆ ಜೋಡಿಸಿದರು. ದೀಪ ಹೊತ್ತಿತು. "ನಿಮ್ಮ ವಾಕ್ಯ ನಿಜವಾದರೆ ಈ ಕಡೆಯದಕ್ಕಿಂತ ಆ ಕಡೆಯದು ಕಡಿಮೆ ತೋರಿಸಬೇಕು, ನೋಡಿ" ಎಂದರು. ನೋಡಿದೆವು. ಎರಡು ಮುಳ್ಳುಗಳೂ ಒಂದೇ ಗೆರೆಯ ಮೇಲೆ ನಿಂತಿದ್ದವು. ದೀಪಕ್ಕೆ ಎಷ್ಟು ಪ್ರವಾಹ ಹೋಯಿತೋ ಅಷ್ಟೂ ಹೊರಬಂದು ಸೆಲ್ಲಿಗೆ ಹಿಂದಿರುಗುತ್ತಿತ್ತು. ಕರಗಿದ್ದು ಏನೂ ಇಲ್ಲ. ನನ್ನ ವಾಕ್ಯದ ದ್ವಿತೀಯಾರ್ಧ ಅಲ್ಲಿಗೆ ಬಿದ್ದುಹೋಯಿತು.

ಮೊದಲರ್ಧದ ಗತಿಯೂ ಅದೇ. ವಿದ್ಯುತ್ತಾಗಿ ಹರಿಯುವ ಎಲೆಕ್ಟ್ರಾನುಗಳು ತಾಮ್ರದ ತಂತಿಯಲ್ಲಿ ಮೊದಲಿನಿಂದಲೂ ತುಂಬಿಕೊಂಡೇ ಇವೆ. ಸೆಲ್ಲು ಅವನ್ನು ತಯಾರಿಸಿ ಕಳಿಸುವುದಿಲ್ಲ. ತುಂಬಿ ನಿಂತ ಕಾಲುವೆಯ ತೂಬನ್ನು ತೆರೆದರೆ ನೀರು ಎಲ್ಲ ಕಡೆಯೂ ಏಕಕಾಲಕ್ಕೆ ಕದಲುವುದಿಲ್ಲವೇ, ಹಾಗೆ ಗುಂಡಿಯೊತ್ತಿದೊಡನೆ ಇಡೀ ಮಂಡಲದ ಎಲೆಕ್ಟ್ರಾನುಗಳು ಕದಲುತ್ತವೆ. ಅವುಗಳ ನಡಿಗೆಯೋ, ಸೆಕೆಂಡಿಗೆ ಒಂದು ಮಿಲಿಮೀಟರಿನ ಸಣ್ಣದೊಂದು ಪಾಲು. ಬಸವನಹುಳುವೂ ಅವನ್ನು ಹಿಂದೆ ಹಾಕೀತು. ದೀಪ ತಟ್ಟನೆ ಹೊತ್ತಲು ಕಾರಣ ಅವುಗಳ ವೇಗವಲ್ಲ, ಎಲ್ಲವೂ ಒಟ್ಟಿಗೆ ಹೊರಡುವುದು.

ಹಾಗಾದರೆ ಸೆಲ್ಲು ಕೊಡುವುದಾದರೂ ಏನು? ಈ ಪ್ರಶ್ನೆಯನ್ನು ಕೇಳಿದವಳು ಆ ಹುಡುಗಿ. ಗೆಳೆಯರು ನನ್ನ ಕಡೆ ತಿರುಗಿ "ನಿಮ್ಮೂರಿನಲ್ಲಿ ಏತ ನೋಡಿದ್ದೀರಾ?" ಎಂದರು.

ನೋಡಿದ್ದೆ. ನಾನು ಹುಡುಗನಾಗಿದ್ದಾಗ ನಮ್ಮೂರ ಹಳೆಯ ತೋಟವೊಂದರಲ್ಲಿ ಇನ್ನೂ ಒಂದು ಏತ ಉಳಿದಿತ್ತು. ಕವೆಯ ಮೇಲೆ ತೂಗುವ ಉದ್ದನೆಯ ಮರ, ಒಂದು ತುದಿಗೆ ಗಳುವಿನಿಂದ ಕಟ್ಟಿದ ಬಾನಿ. ನೀರು ಬಾವಿಯಲ್ಲಿ ಮೊದಲೇ ಇದೆ. ಏತ ಅದನ್ನು ಸೃಷ್ಟಿಸುವುದಿಲ್ಲ. ಏತ ಮಾಡುವ ಕೆಲಸವೊಂದೇ, ತಗ್ಗಿನ ನೀರನ್ನು ಎತ್ತರದ ಕಾಲುವೆಗೆ ಮುಟ್ಟಿಸುವುದು. ಅಲ್ಲಿಂದ ಮುಂದೆ ನೀರು ತನ್ನ ಸ್ವಭಾವದಂತೆ ಇಳಿಯುತ್ತದೆ. ಇಳಿಯುವಾಗ ಬೇಕಾದರೆ ಒಂದು ಚಕ್ರವನ್ನು ತಿರುಗಿಸೀತು. ಇಳಿದ ನೀರೆಲ್ಲ ತಿರುಗಿ ಅದೇ ಬಾವಿಗೆ ಬಂದು ಬೀಳುತ್ತದೆಂದು ಕಲ್ಪಿಸಿಕೊಂಡರೆ ಅದೇ ವಿದ್ಯುನ್ಮಂಡಲ. ನೀರು ಖರ್ಚಾಗಲಿಲ್ಲ, ಖರ್ಚಾದದ್ದು ಎತ್ತರ. ದೀಪವು ಕುಡಿಯುವುದು ಪ್ರವಾಹವನ್ನಲ್ಲ, ಈ ಎತ್ತರವನ್ನು.

ವಿಜ್ಞಾನದ ಭಾಷೆಯಲ್ಲಿ ಆ ಎತ್ತರಕ್ಕೆ ವಿಭವಾಂತರವೆಂದು ಹೆಸರು. ಬಳಕೆಯ ಮಾತಿನಲ್ಲಿ ವೋಲ್ಟೇಜು. ಅದರ ಅಳತೆ ವೋಲ್ಟು. ಸೆಲ್ಲಿನ ಮೇಲೆ ಒಂದೂವರೆ ವೋಲ್ಟ್ ಎಂದು ಅಚ್ಚಾಗಿದ್ದರೆ, ತನ್ನ ಮೂಲಕ ಹಾದುಹೋಗುವ ಪ್ರತಿಯೊಂದು ಕೂಲಂಬ್ ಆವೇಶಕ್ಕೂ ಅದು ಒಂದೂವರೆ ಜೂಲ್ ಶಕ್ತಿಯನ್ನು ಕಟ್ಟಿಕೊಡುತ್ತದೆ ಎಂದರ್ಥ. ನೂರು ಗ್ರಾಂ ತೂಕವನ್ನು ಒಂದು ಮೀಟರು ಮೇಲೆತ್ತುವುದಕ್ಕೆ ಬೇಕಾದ ಶಕ್ತಿ ಸುಮಾರು ಒಂದು ಜೂಲ್. ಅಂದಮೇಲೆ ಒಂದು ಕೂಲಂಬ್ ಸೆಲ್ಲಿನಿಂದ ಹೊರಟು ಬಳಸಿಕೊಂಡು ಬಂದರೆ, ನೂರು ಗ್ರಾಂ ಬೆಲ್ಲದ ಚೂರೊಂದನ್ನು ನೆಲದಿಂದ ಆಳಿನ ಎದೆಮಟ್ಟಕ್ಕೆ ಎತ್ತುವಷ್ಟು ಕೆಲಸ ನಡೆದಂತಾಯಿತು. ಎಷ್ಟು ಕೂಲಂಬು ಎಷ್ಟು ಬೇಗ ಹರಿಯಬೇಕೆಂಬುದನ್ನು ಸೆಲ್ಲೊಂದೇ ನಿರ್ಧರಿಸುವುದಿಲ್ಲ. ಮಂಡಲದಲ್ಲಿರುವ ರೋಧವೂ ಸೇರಿ ನಿರ್ಧರಿಸುತ್ತದೆ. ಏತ ಎತ್ತರವನ್ನು ಗೊತ್ತುಮಾಡುತ್ತದೆ. ಹರಿವನ್ನು ಕಾಲುವೆಯ ಅಗಲವೂ ಕೂಡಿ ಗೊತ್ತುಮಾಡುತ್ತದೆ.

ನಾನು ಹೊಡೆದುಹಾಕಿದ "ಎತ್ತುತ್ತದೆ" ಎಂಬ ಒರಟು ಕ್ರಿಯಾಪದವೇ ಇಡೀ ವಿಷಯದ ಜೀವವಾಗಿತ್ತು.

ಮರುದಿನ ಸಂಜೆ ಹೋದಾಗ ನನ್ನ ಪ್ರಶ್ನೆ ಸಿದ್ಧವಾಗಿತ್ತು. ಏತವನ್ನು ತುಳಿಯಲು ಆಳು ಬೇಕು, ಸೆಲ್ಲಿನೊಳಗೆ ತುಳಿಯುವವನಾರು? ಇದಕ್ಕೆ ಉತ್ತರ ಹುಡುಕುವುದಕ್ಕೆ ಯುರೋಪಿನ ವಿದ್ವಾಂಸರಿಗೇ ಅರ್ಧ ಶತಮಾನದ ಮೇಲೆ ಹಿಡಿಯಿತೆಂದು ತಿಳಿದಾಗ ನನ್ನ ಅಜ್ಞಾನದ ನಾಚಿಕೆ ಸ್ವಲ್ಪ ಇಳಿಯಿತು.

ಇಟಲಿಯ ಬೊಲೋನ್ಯ ನಗರದಲ್ಲಿ ಲುಯಿಜಿ ಗ್ಯಾಲ್ವಾನಿ ಎಂಬ ಅಂಗರಚನಾಶಾಸ್ತ್ರಜ್ಞನಿದ್ದ. ಕೊಯ್ದ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹಗಳನ್ನು ತಾಗಿಸಿ ಆ ಲೋಹಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಸತ್ತ ಕಾಲು ಜಾಡಿಸುವುದನ್ನು ಅವನು ಕಂಡ. ವಿದ್ಯುತ್ತು ಪ್ರಾಣಿಯ ದೇಹದಲ್ಲೇ ಅಡಗಿದೆ, ಲೋಹ ಅದಕ್ಕೆ ದಾರಿ ಮಾತ್ರ ಎಂಬುದು ಅವನ ತೀರ್ಮಾನ. ೧೭೯೧ರಲ್ಲಿ ಅದನ್ನು ಪ್ರಕಟಿಸಿದ. (ಅಡಗಿದೆ ಎಂಬ ಮಾತನ್ನು ಕೇಳಿದಾಗ ಗೆಳೆಯರು ನನ್ನತ್ತ ಓರೆಗಣ್ಣಿನಿಂದ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.) ಪಾವಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಅಲೆಸ್ಸಾಂಡ್ರೋ ವೋಲ್ಟಾ ಮೊದಲು ಈ ವಾದವನ್ನು ಮೆಚ್ಚಿದ, ಬಳಿಕ ಶಂಕಿಸಿದ. ಕಪ್ಪೆಗೆ ಬದಲು ತನ್ನ ನಾಲಗೆಯನ್ನೇ ಒಡ್ಡಿ, ತವರದ ತಗಡನ್ನೂ ಬೆಳ್ಳಿಯ ನಾಣ್ಯವನ್ನೂ ತಾಗಿಸಿ ರುಚಿ ನೋಡಿದ. ಕಾರಣ ಕಪ್ಪೆಯಲ್ಲ, ಎರಡು ಲೋಹಗಳ ಭೇದ ಎಂದು ಅವನಿಗೆ ಮನವರಿಕೆಯಾಯಿತು. ಕಪ್ಪೆಯ ಕಾಲು ಒದ್ದೆಯಾದೊಂದು ವಸ್ತು, ಅಷ್ಟೆ.

ಈ ವಿವಾದ ವರ್ಷಗಟ್ಟಲೆ ನಡೆಯಿತು. ಗ್ಯಾಲ್ವಾನಿಯ ಕೊನೆಗಾಲ ದುಃಖದ್ದು. ನೆಪೋಲಿಯನ್ನನ ದಂಡಯಾತ್ರೆಯ ಫಲವಾಗಿ ಸ್ಥಾಪಿತವಾದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಅವನು ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡ, ೧೭೯೮ರಲ್ಲಿ ತೀರಿಕೊಂಡ. ಎದುರಾಳಿಯ ವಿಜಯವನ್ನು ನೋಡುವ ಕಷ್ಟ ಅವನಿಗೆ ಬರಲಿಲ್ಲ. ೧೮೦೦ರ ಮಾರ್ಚ್ ೨೦ರಂದು ವೋಲ್ಟಾ ತನ್ನ ಹುಟ್ಟೂರಾದ ಕೋಮೋದಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಫ್ರೆಂಚ್ ಭಾಷೆಯಲ್ಲಿ ಒಂದು ಪತ್ರ ಬರೆದ. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ಮತ್ತೆ ಬೆಳ್ಳಿ, ಸತು, ರಟ್ಟು. ಹೀಗೆ ಮೂವತ್ತು, ನಲವತ್ತು, ಅರವತ್ತು ಜೊತೆಗಳನ್ನು ನಮ್ಮ ಹೆಣ್ಣುಮಕ್ಕಳು ದೋಸೆ ಪೇರಿಸುವಂತೆ ಪೇರಿಸಿ, ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಒದ್ದೆ ಕೈಗಳಿಂದ ಮುಟ್ಟಿದರೆ ಆಘಾತವಾಗುತ್ತಿತ್ತು. ಒಮ್ಮೆ ಮುಟ್ಟಿದರೆ ಮುಗಿಯುತ್ತಿರಲಿಲ್ಲ, ಮತ್ತೆ ಮತ್ತೆ ಮುಟ್ಟಿದರೂ ಆಗುತ್ತಲೇ ಇತ್ತು. ಅದುವರೆಗೆ ಮನುಷ್ಯ ತನ್ನ ಕೈಯಿಂದ ಉಂಟುಮಾಡಿದ ವಿದ್ಯುತ್ತೆಲ್ಲ ಕಿಡಿಯಾಗಿ ಸಿಡಿದು ಮುಗಿಯುವಂಥದು. ನಿಂತು ಹರಿಯುವ ಪ್ರವಾಹ ಅವನ ವಶವಾದದ್ದು ಇಲ್ಲಿಂದ. ಆ ವರ್ಷವೇ ಇಂಗ್ಲೆಂಡಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಇಂಥ ಪೇರಿಕೆಯೊಂದನ್ನು ಕಟ್ಟಿ, ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದರು. ೧೮೦೧ರಲ್ಲಿ ವೋಲ್ಟಾ ಪ್ಯಾರಿಸ್ಸಿಗೆ ಹೋಗಿ ನೆಪೋಲಿಯನ್ನನ ಎದುರಿಗೇ ತನ್ನ ಯಂತ್ರವನ್ನು ತೋರಿಸಿದ. ೧೮೮೧ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಅವನ ಹೆಸರಿನ ಅಳತೆಯನ್ನು ಅಂಗೀಕರಿಸಿತು.

ಇಷ್ಟೆಲ್ಲ ಆದರೂ, ತನ್ನ ಪೇರಿಕೆಯೊಳಗೆ ನಡೆಯುತ್ತಿದ್ದುದೇನೆಂದು ವೋಲ್ಟಾ ಸರಿಯಾಗಿ ಅರಿತಿರಲಿಲ್ಲ. ಇದು ನನಗೆ ಬಹಳ ರುಚಿಸಿದ ಸಂಗತಿ. ಎರಡು ಲೋಹಗಳ ಬರಿಯ ಸ್ಪರ್ಶದಿಂದಲೇ ಪ್ರವಾಹ ಹುಟ್ಟುತ್ತದೆ, ಒದ್ದೆ ರಟ್ಟು ದಾರಿ ಮಾತ್ರ ಎಂದು ಅವನು ನಂಬಿದ. ಸತುವಿನ ಬಿಲ್ಲೆಗಳು ತುಕ್ಕು ಹಿಡಿದು ಸವೆಯುವುದು ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ಅದು ಆಕಸ್ಮಿಕವಾದ ಕಿರುಕುಳ ಎಂದುಕೊಂಡ. ಆ ಸವೆತವೇ ಆಳಿನ ಕೂಲಿ ಎಂಬುದು ಅವನಿಗೆ ಹೊಳೆಯಲಿಲ್ಲ. ರಟ್ಟಿನಲ್ಲಿರುವ ದ್ರವ ಸತುವನ್ನು ತಿನ್ನಬಲ್ಲದಾದರೆ ಮಾತ್ರ ಪೇರಿಕೆ ಕೆಲಸ ಮಾಡುತ್ತದೆಂದು ೧೮೦೦ರಲ್ಲೇ ಇಂಗ್ಲೆಂಡಿನ ತರುಣ ಹಂಫ್ರಿ ಡೇವಿ ಬೊಟ್ಟುಮಾಡಿ ತೋರಿಸಿದ. ಬಲ ಬರುವುದು ಸ್ಪರ್ಶದಿಂದಲೋ ರಾಸಾಯನಿಕ ಕ್ರಿಯೆಯಿಂದಲೋ ಎಂಬ ಜಗಳ ಮತ್ತೆ ಹಲವು ದಶಕ ನಡೆಯಿತು.

ಇಂದು ಸಂದೇಹವಿಲ್ಲ. ಸತುವಿನ ಪರಮಾಣು ದ್ರಾವಣಕ್ಕೆ ಇಳಿಯುವಾಗ ತನ್ನ ಎರಡು ಎಲೆಕ್ಟ್ರಾನುಗಳನ್ನು ತಗಡಿನ ಮೇಲೆ ಬಿಟ್ಟುಹೋಗುತ್ತದೆ. ಎದುರು ತುದಿಯಲ್ಲಿ ಎಲೆಕ್ಟ್ರಾನುಗಳನ್ನು ಪಡೆಯಲು ಹಾತೊರೆಯುವ ಇನ್ನೊಂದು ವಸ್ತುವಿದೆ. ಬಿಡುವವನ ಔದಾರ್ಯಕ್ಕೂ ಪಡೆಯುವವನ ಆಸೆಗೂ ಇರುವ ಅಂತರವೇ ವೋಲ್ಟೇಜು. ಸತು ತಾಮ್ರಗಳ ಜೋಡಿಯಾದರೆ ೧.೧ ವೋಲ್ಟು; ೧೮೩೬ರಲ್ಲಿ ಡೇನಿಯಲ್ ಕಟ್ಟಿದ ಕೋಶ ಇದು. ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡಿನ ಜೋಡಿಯಾದರೆ ೧.೫, ೧೮೬೬ರಲ್ಲಿ ಫ್ರಾನ್ಸಿನ ಲೆಕ್ಲಾಂಷೆ ನಮ್ಮ ಅಕ್ಕಸಾಲಿಗರು ಬಲ್ಲ ನವಸಾಗರದ ದ್ರಾವಣದಲ್ಲಿ ಈ ಜೋಡಿಯನ್ನು ನಿಲ್ಲಿಸಿದ. ದ್ರಾವಣವನ್ನು ಚೆಲ್ಲದ ಸರಿಯನ್ನಾಗಿ ಮಾಡಿ, ಸತುವನ್ನೇ ಡಬ್ಬಿಯಾಗಿಸಿ ಮುಚ್ಚಿದ ಮೇಲೆ ಟಾರ್ಚಿನ ಒಣ ಸೆಲ್ಲು ಬಂತು. ಸೀಸದ ಕೋಶ ೨ ವೋಲ್ಟು. ಮೊಬೈಲಿನ ಲಿಥಿಯಂ ಕೋಶ ಸುಮಾರು ೩.೭. ಈ ಸಂಖ್ಯೆಗಳು ಜೋಡಿಯ ಜಾತಕದಲ್ಲೇ ಬರೆದಿರುತ್ತವೆ. ಕೋಶದ ಗಾತ್ರಕ್ಕೂ ಅವಕ್ಕೂ ಸಂಬಂಧವಿಲ್ಲ. ಬೆರಳುಗಾತ್ರದ ಪೆನ್ಸಿಲ್ ಸೆಲ್ಲೂ ಟಾರ್ಚಿನ ದಪ್ಪ ಸೆಲ್ಲೂ ಎತ್ತುವುದು ಒಂದೂವರೆ ವೋಲ್ಟಿನಷ್ಟೇ ಎತ್ತರಕ್ಕೆ. ದಪ್ಪದರಲ್ಲಿ ಸತು ಹೆಚ್ಚು, ಬಾಳಿಕೆ ಹೆಚ್ಚು, ಒಮ್ಮೆಗೆ ಹೆಚ್ಚು ಹರಿವನ್ನು ಕೊಡುವ ತಾಳಿಕೆ ಹೆಚ್ಚು. ಉದ್ದಾಳು ಗಿಡ್ಡಾಳು ಇಬ್ಬರೂ ಒಂದೇ ಏತವನ್ನು ತುಳಿದಂತೆ.

ಚಿಕ್ಕಂದಿನಲ್ಲಿ ನಾವು ಸತ್ತ ಸೆಲ್ಲುಗಳನ್ನು ಕಲ್ಲಿನಿಂದ ಜಜ್ಜಿ, ನಡುವಿನ ಇದ್ದಿಲುಕಡ್ಡಿಯನ್ನು ಎಳೆದು ಗೋಡೆಯ ಮೇಲೆ ಗೀಚುತ್ತಿದ್ದೆವು. ಕೈಗೆ ಮೆತ್ತುತ್ತಿದ್ದ ಆ ಕರಿಯ ಪುಡಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇತ್ತು. ತೂತುಬಿದ್ದು ರಸ ಸೋರುತ್ತಿದ್ದ ಡಬ್ಬಿಯೇ ಸವೆದುಹೋದ ಸತು. ಒಂದೂವರೆ ವೋಲ್ಟಿನ ಸಕಲ ರಹಸ್ಯವೂ ನಮ್ಮ ಉಗುರುಸಂದಿಯಲ್ಲಿತ್ತು.

ಇನ್ನು ಹೆಸರುಗಳ ವಿಚಾರ. ಇಲ್ಲಿ ಮಾತ್ರ ನನಗೂ ಎರಡು ಮಾತಾಡುವ ಅಧಿಕಾರವಿದೆ. ಬ್ಯಾಟರಿ ಎಂಬುದು ಮೂಲತಃ ಫಿರಂಗಿಗಳ ಸಾಲಿಗೆ ಸಂದ ಹೆಸರು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ವಿದ್ಯುತ್ತಿನ ಜಾಡಿಗಳ ಸಾಲಿಗೆ ಹಚ್ಚಿದ. ಅಲ್ಲಿಂದ ಅದು ಕೋಶಗಳ ಸಾಲಿಗೆ ಬಂತು. ಆದ್ದರಿಂದ ಒಂಟಿ ಕೋಶ ಸೆಲ್ಲು. ಹಲವು ಕೂಡಿದರೆ ಬ್ಯಾಟರಿ. ಪೇಟೆಯ ಜನ ಇಂದು ಒಂಟಿ ಸೆಲ್ಲನ್ನೂ ಬ್ಯಾಟರಿ ಎನ್ನುತ್ತಾರೆ. ನಮ್ಮ ಹಳ್ಳಿಯವರಾದರೋ ಒಳಗೆ ಹಾಕುವುದನ್ನು ಸೆಲ್ಲೆಂದೂ, ಎರಡು ಮೂರು ಸೆಲ್ಲು ತುಂಬಿದ ಟಾರ್ಚನ್ನು ಬ್ಯಾಟರಿಯೆಂದೂ ಕರೆದರು. ಶಾಸ್ತ್ರಕ್ಕೆ ಹತ್ತಿರವಾದದ್ದು ಯಾರ ಮಾತೆಂದು ವಾಚಕರೇ ನೋಡಿಕೊಳ್ಳಲಿ.

ಆ ಬ್ಯಾಟರಿಯಲ್ಲಿ ಸೆಲ್ಲುಗಳು ಒಂದರ ಬೆನ್ನಿಗೊಂದು ನಿಲ್ಲುತ್ತವೆ. ಒಂದು ಏತ ಎತ್ತಿ ಸುರಿದ ತೊಟ್ಟಿಯಿಂದ ಇನ್ನೊಂದು ಏತ ಮತ್ತೂ ಮೇಲಕ್ಕೆ ಎತ್ತಿದಂತೆ, ಎತ್ತರಗಳು ಕೂಡುತ್ತವೆ. ಮೂರು ಸೆಲ್ಲಿಗೆ ನಾಲ್ಕೂವರೆ ವೋಲ್ಟು. ಆರು ಸೀಸದ ಕೋಶಗಳಿಗೆ ಕಾರಿನ ಹನ್ನೆರಡು ವೋಲ್ಟು. ಅವಸರದಲ್ಲಿ ಮೂರರಲ್ಲೊಂದನ್ನು ತಲೆಕೆಳಗಾಗಿ ಹಾಕಿದರೆ ಅದು ಎತ್ತಿದ್ದನ್ನು ಇಳಿಸುತ್ತದೆ, ಉಳಿಯುವುದು ಒಂದೂವರೆ. ಸೆಲ್ಲುಗಳನ್ನು ಮಗ್ಗುಲಲ್ಲಿ ಜೊತೆಜೊತೆಯಾಗಿ ಜೋಡಿಸುವ ಕ್ರಮವೂ ಉಂಟು. ಒಂದೇ ಬಾವಿಗೆ ಎರಡು ಏತ ಹೂಡಿದ ಹಾಗೆ, ಎತ್ತರ ಮೊದಲಿನಷ್ಟೇ, ದುಡಿಮೆ ಹಂಚಿಹೋಗುತ್ತದೆ.

ಕೋಶದ ಎರಡು ತುದಿಗಳ ಹೆಸರಿನದು ಇನ್ನೊಂದು ಕಥೆ. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕ ಕಟ್ಟುವವನ ಬಳಿ ಕೆಲಸ ಕಲಿತು ಮೇಲೆ ಬಂದವನು. ಗ್ರೀಕ್ ಲ್ಯಾಟಿನ್ ಓದಿದವನಲ್ಲ. ೧೮೩೪ರಲ್ಲಿ ತನ್ನ ಪ್ರಯೋಗಗಳಿಗೆ ಹೊಸ ಶಬ್ದಗಳು ಬೇಕಾದಾಗ ಅವನು ಕೇಂಬ್ರಿಜ್ಜಿನ ಪಂಡಿತ ವಿಲಿಯಂ ಹ್ಯೂವೆಲ್‌ಗೆ ಬರೆದ. ಪ್ರವಾಹವು ಸೂರ್ಯನ ಹಾದಿಯಲ್ಲಿ ಮೂಡಣದಿಂದ ಪಡುವಣಕ್ಕೆ ಹರಿಯುತ್ತದೆಂದು ಭಾವಿಸಿದರೆ, ಒಂದು ತುದಿ ಏರುವ ದಾರಿ, ಇನ್ನೊಂದು ಇಳಿಯುವ ದಾರಿ. ಗ್ರೀಕಿನಲ್ಲಿ ಅವೇ ಆನೋಡ್, ಕ್ಯಾಥೋಡ್. ಧನ ಋಣಗಳ ಗೊಡವೆಯೇ ಆ ಶಬ್ದಗಳಲ್ಲಿಲ್ಲ. ಕನ್ನಡಕ್ಕೆ ತರುವಾಗ ಅವನ್ನು ಧನಾಗ್ರ, ಋಣಾಗ್ರ ಎಂದದ್ದುಂಟು. ನೀರನ್ನು ಒಡೆಯುವ ಪಾತ್ರೆಯಲ್ಲಿ ಇದು ಹೊಂದುತ್ತದೆ. ಆದರೆ ದೀಪ ಹೊತ್ತಿಸುವ ಸೆಲ್ಲಿನಲ್ಲಿ ಆನೋಡ್ ಆಗಿರುವ ಸತು ಋಣ ತುದಿ! ಹುಡುಗರು ಪರೀಕ್ಷೆಯಲ್ಲಿ ತಬ್ಬಿಬ್ಬಾದರೆ ಅವರ ತಪ್ಪೇನು? ಆರೋಹ, ಅವರೋಹ ಎಂಬೆರಡು ಸಂಗೀತದ ಮಾತುಗಳು ನಮ್ಮ ಮನೆಯಲ್ಲೇ ಇದ್ದವು. ಇನ್ನೊಂದು, ವಿದ್ಯುಚ್ಚಾಲಕ ಬಲ. ಕೋಶ ಎತ್ತಬಲ್ಲ ಪೂರ್ತಿ ಎತ್ತರಕ್ಕೆ ಈ ಹೆಸರು. ಅದು ಬಲವೇ ಅಲ್ಲ. ಒಂದು ಕೂಲಂಬಿಗೆ ಸಲ್ಲುವ ಶಕ್ತಿ. ಇಂಗ್ಲಿಷಿನಲ್ಲಿದ್ದ ತಪ್ಪನ್ನು ನಾವು ಭಕ್ತಿಯಿಂದ ಅನುವಾದಿಸಿದೆವು.

ಮೂರನೆಯ ಸಂಜೆ ನಾನು ಮನೆಯಿಂದ ಒಂದು ಸೆಲ್ಲನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅದು ನನ್ನೊಡನೆ ಜಗಳವಾಡಿದ ಸೆಲ್ಲು. ಟಾರ್ಚಿಗೆ ಹಾಕಿದರೆ ದೀಪ ಕೆಂಡದಂತೆ ಮಿಣಕು. ಅಂಗಡಿಯವನ ಮೀಟರಿಗೆ ಹಿಡಿದರೆ ೧.೪ ವೋಲ್ಟು! "ಸೆಲ್ಲು ಚೆನ್ನಾಗಿಯೇ ಇದೆ ಸ್ವಾಮಿ, ನಿಮ್ಮ ಟಾರ್ಚೇ ಕೆಟ್ಟಿದೆ" ಎಂದು ಅವನು ಹೊಸ ಟಾರ್ಚನ್ನು ಮಾರಲು ನೋಡಿದ್ದ. ಗೆಳೆಯರ ಮೀಟರೂ ೧.೪ ಎಂದೇ ಹೇಳಿತು. ಆಮೇಲೆ ಅವರು ಐದು ಓಮ್ ರೋಧದ ಸುರುಳಿಯೊಂದನ್ನು ಸೆಲ್ಲಿಗೆ ಜೋಡಿಸಿ, ಜೋಡಿಸಿದಂತೆಯೇ ಅಳೆದರು. ಅಂಕೆ ಜಾರಿ ಜಾರಿ ೦.೭ಕ್ಕೆ ಬಂದು ನಿಂತಿತು. ಸುರುಳಿಯನ್ನು ಬಿಚ್ಚಿದರೆ ಮತ್ತೆ ಮೆಲ್ಲಗೆ ಮೇಲೇರಿತು. ಹುಡುಗಿ "ಕೇಳಿದಾಗ ಇದೆ ಅನ್ನುತ್ತೆ, ಕೊಡು ಅಂದರೆ ಇಲ್ಲ ಅನ್ನುತ್ತೆ" ಎಂದಳು. ನಾನು ಎಷ್ಟು ತಿದ್ದಿದರೂ ಬಾರದಂಥ ಕನ್ನಡ ಅದು.

ಕಾರಣ ಇದು. ಏತ ಎತ್ತಿ ಸುರಿದ ನೀರು ಹೊರಗಿನ ಕಾಲುವೆಗೆ ಬರುವ ಮೊದಲು ಬಾವಿಕಟ್ಟೆಯೊಳಗೇ ಇರುವ ಇಕ್ಕಟ್ಟಾದ ತೂಬೊಂದನ್ನು ಹಾದುಬರಬೇಕೆಂದು ಭಾವಿಸಿ. ಹೊಲದ ಬಾಗಿಲು ಮುಚ್ಚಿದ್ದಾಗ ನೀರು ನಿಂತಿರುತ್ತದೆ. ತೂಬಿನ ಒಳಗೂ ಹೊರಗೂ ಮಟ್ಟ ಒಂದೇ. ಬಾಗಿಲು ತೆರೆದು ಹರಿವು ಮೊದಲಾದರೆ ತೂಬಿನಲ್ಲೇ ಸ್ವಲ್ಪ ಎತ್ತರ ಇಳಿದುಹೋಗುತ್ತದೆ. ಹರಿವು ಹೆಚ್ಚಿದಷ್ಟೂ ಇಳಿತ ಹೆಚ್ಚು. ಸೆಲ್ಲಿನ ಈ ಒಳತೂಬಿಗೆ ಆಂತರಿಕ ರೋಧ ಎಂದು ಹೆಸರು. ಹೊಸ ಸೆಲ್ಲಿನಲ್ಲಿ ಅದು ಒಂದು ಓಮಿನ ಸಣ್ಣ ಪಾಲು. ಮೇಜಿನ ಮೇಲಿದ್ದ ಹೊಸ ಸೆಲ್ಲಿಗೆ ಅದೇ ಸುರುಳಿಯನ್ನು ಜೋಡಿಸಿದಾಗ ೧.೫ರಿಂದ ೧.೪ರ ಆಸುಪಾಸಿಗೆ ಮಾತ್ರ ಇಳಿಯಿತು. ನನ್ನ ಸೆಲ್ಲಿನಲ್ಲಾದರೋ ಒಳಗೆ ಹೂಳು ತುಂಬಿ ಅಲ್ಲೇ ಐದು ಓಮ್ ಆಗಿತ್ತು. ಹೊರಗೆ ಐದು, ಒಳಗೆ ಐದು; ೧.೪ ವೋಲ್ಟು ಸರಿಪಾಲಾಗಿ, ಅರ್ಧ ಒಳಗೇ ಬಿಸಿಯಾಗಿ ವ್ಯಯವಾಯಿತು. ಮೀಟರು ಹರಿವನ್ನು ಕೇಳುವುದೇ ಇಲ್ಲವೆನ್ನುವಷ್ಟು ಕಡಿಮೆ ಕೇಳುತ್ತದೆ. ಆದ್ದರಿಂದ ಅದಕ್ಕೆ ಪೂರ್ತಿ ಎತ್ತರ ಕಾಣುತ್ತದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅವನ ಮೀಟರು ಕೇಳಿದ ಪ್ರಶ್ನೆ ಬೇರೆ, ನನ್ನ ಟಾರ್ಚು ಕೇಳಿದ ಪ್ರಶ್ನೆ ಬೇರೆ.

ವಸ್ತುಪ್ರದರ್ಶನಗಳಲ್ಲಿ ಮಕ್ಕಳು ಮಾಡಿ ತೋರಿಸುವ ನಿಂಬೆಹಣ್ಣಿನ ಕೋಶದ ಗುಟ್ಟೂ ಇಲ್ಲೇ ಇದೆ. ತಾಮ್ರದ ತಂತಿಯೊಂದನ್ನೂ ಸತುವಿನ ಲೇಪವಿರುವ ಮೊಳೆಯೊಂದನ್ನೂ ಹಣ್ಣಿಗೆ ಚುಚ್ಚಿದರೆ ಮೀಟರು ಒಂದು ವೋಲ್ಟಿನ ಹತ್ತಿರ ತೋರಿಸುತ್ತದೆ. ಟಾರ್ಚಿನ ದೀಪವನ್ನು ಜೋಡಿಸಿದರೆ ಮಿಣುಕೂ ಇಲ್ಲ. ಹಣ್ಣಿನ ಒಳರೋಧ ಸಾವಿರದ ಲೆಕ್ಕದ್ದು. "ನಿಂಬೆಹಣ್ಣಿನಲ್ಲಿ ವಿದ್ಯುತ್ತಿದೆ" ಎಂದು ಫಲಕ ಬರೆಯುವ ಮಕ್ಕಳು ಗ್ಯಾಲ್ವಾನಿಯ ಮಾತನ್ನೇ ಹೇಳುತ್ತಿದ್ದಾರೆ. ಕಪ್ಪೆಯ ಜಾಗದಲ್ಲಿ ನಿಂಬೆ ಬಂದಿದೆ. ಹಣ್ಣು ಒದ್ದೆಯ ವಸ್ತು; ಸವೆಯುವುದು ಮೊಳೆಯ ಸತು. ಗ್ಯಾಲ್ವಾನಿಗೆ ನ್ಯಾಯ ಹೇಳಬೇಕೆಂದರೆ, ನರಗಳು ವಿದ್ಯುತ್ತಿನ ಮೂಲಕವೇ ಸುದ್ದಿ ಸಾಗಿಸುತ್ತವೆಂಬುದು ಮುಂದೆ ಸ್ಥಿರಪಟ್ಟಿತು. ಅವನು ಪೂರ್ತಿ ಸೋಲಲಿಲ್ಲ.

ಶಾಲಾಮಾಸ್ತರನೊಬ್ಬನ ಕಥೆಯನ್ನೂ ಗೆಳೆಯರು ಹೇಳಿದರು. ಜರ್ಮನಿಯ ಗೇಯಾರ್ಗ್ ಓಮ್, ರೋಧಕ್ಕೂ ಪ್ರವಾಹಕ್ಕೂ ಇರುವ ನಿಯಮವನ್ನು ಹುಡುಕುವಾಗ, ಮೊದಲು ವೋಲ್ಟಾನ ಮಾದರಿಯ ಕೋಶಗಳನ್ನೇ ನಂಬಿದನಂತೆ. ಹರಿಯತೊಡಗಿದ ಕೂಡಲೇ ಅವುಗಳ ಎತ್ತರ ಕುಸಿಯುತ್ತಿದ್ದುದರಿಂದ ಲೆಕ್ಕ ಕೈಗೆ ಹತ್ತಲಿಲ್ಲ. ಕೊನೆಗೆ ಅವನ್ನು ಬಿಟ್ಟು, ತಾಮ್ರ ಬಿಸ್ಮತ್‌ಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅದರಿಂದ ಬಂದ ಅಲ್ಪವಾದರೂ ಸ್ಥಿರವಾದ ವೋಲ್ಟೇಜಿನಿಂದ ತನ್ನ ನಿಯಮವನ್ನು ಸಾಧಿಸಿದ. ಆ ಕುಸಿತಕ್ಕೆ ಕೋಶದ ಒಳರೋಧವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದವರಲ್ಲಿ ಅವನೇ ಮೊದಲಿಗ.

ವೀಕಾದ ಸೆಲ್ಲುಗಳನ್ನು ನಮ್ಮ ತಾಯಿ ಬಿಸಿಲಿಗಿಡುತ್ತಿದ್ದರು. ಸಂಡಿಗೆ ಹಪ್ಪಳಗಳ ಪಕ್ಕದಲ್ಲಿ ಎರಡು ಸೆಲ್ಲುಗಳೂ ಒಣಗುತ್ತಿದ್ದವು. ರಾತ್ರಿ ಅವು ಇನ್ನೊಂದು ಗಳಿಗೆ ಬೆಳಗುತ್ತಿದ್ದವು. ಇದು ಮೂಢನಂಬಿಕೆಯೋ ಎಂದು ಕೇಳಿದೆ. ಅಲ್ಲವಂತೆ. ಬೆಚ್ಚಗಾದಾಗ ಒಳಗಿನ ಅಯಾನುಗಳ ಓಡಾಟ ಚುರುಕಾಗಿ ತೂಬು ಸ್ವಲ್ಪ ಹೊತ್ತು ಅಗಲವಾಗುತ್ತದೆ. ವಿರಾಮ ಸಿಕ್ಕಿದ್ದರಿಂದಲೂ ಸೆಲ್ಲು ಚೇತರಿಸಿಕೊಳ್ಳುತ್ತದೆ. ಸವೆದ ಸತು ಮಾತ್ರ ಬಿಸಿಲಿನಿಂದ ಬರಲಾರದು. ಮೊಬೈಲಿನ ಲಿಥಿಯಂ ಕೋಶಕ್ಕೆ ಈ ಉಪಚಾರ ಸಲ್ಲದು, ಬೆಂಕಿಯ ಅಪಾಯವುಂಟು ಎಂದು ಅವರು ಬೆರಳೆತ್ತಿ ಎಚ್ಚರಿಸಿದರು. ಆ ಕೋಶವನ್ನು ನಾವು ಚಾರ್ಜ್ ಮಾಡುತ್ತೇವೆ ಎನ್ನುವ ಮಾತೂ ನನ್ನ ವಾಕ್ಯದ ಬಂಧುವೇ. ಅದರೊಳಗೆ ಆವೇಶವನ್ನೇನೂ ತುಂಬುವುದಿಲ್ಲ. ಎಷ್ಟು ಒಂದು ತುದಿಯಿಂದ ಒಳಹೋಗುತ್ತದೆಯೋ ಅಷ್ಟೇ ಇನ್ನೊಂದರಿಂದ ಹೊರಬರುತ್ತದೆ. ಪ್ರವಾಹವನ್ನು ಹಿಮ್ಮುಖವಾಗಿ ನೂಕಿ, ಆಗಿಹೋದ ರಾಸಾಯನಿಕ ಕ್ರಿಯೆಯನ್ನು ಮೊದಲಿದ್ದ ಸ್ಥಿತಿಗೆ ಮರಳಿಸುವುದಷ್ಟೇ. ದಣಿದ ಆಳಿಗೆ ಊಟ ಹಾಕಿ ಮತ್ತೆ ಏತಕ್ಕೆ ಹತ್ತಿಸಿದಂತೆ.

ನಾಲ್ಕನೆಯ ಸಂಜೆ ಹಸ್ತಪ್ರತಿಯನ್ನು ಕೇಳಿ ತೆಗೆದುಕೊಂಡೆ. ಗೆಳೆಯರು ಸೌಜನ್ಯದಿಂದ ನನ್ನ ತಿದ್ದುಪಡಿಯನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಹಾಕಿದ್ದರು. ನನ್ನ ಸಾಲನ್ನು ಹೊಡೆದು ಅವರ "ಎತ್ತುತ್ತದೆ"ಯನ್ನು ತಿರುಗಿ ಬರೆದೆ. ಹುಡುಗಿಯ ಮೂರು ಅಂಕಗಳ ಮಾತೆತ್ತಿದಾಗ ಅವರು ಒಪ್ಪಲಿಲ್ಲ. "ಉತ್ತರ ತಪ್ಪೇ ತಾನೆ? ಬೇಕಾದರೆ ಆ ಅಂಕಗಳನ್ನು ನಿಮ್ಮ ಸಂಬಳದಲ್ಲಿ ಹಿಡಿಯಲು ಹೇಳುತ್ತೇನೆ" ಎಂದರು. ಅವಳು ನಕ್ಕಳು. ನಾನೂ ನಗಬೇಕಾಯಿತು. ಆ ಸೊನ್ನೆ ಇಂದಿಗೂ ಅವಳ ಲೆಕ್ಕದಲ್ಲಿದೆ.

ಮರುದಿನ ತರಗತಿಯಲ್ಲಿ ಹಿಂದೆ ಬರೆಸಿದ ವಾಕ್ಯವನ್ನು ಹೊಡೆದುಹಾಕಿಸಿ, ಹೊಸದನ್ನು ಹೇಳಿ ಬರೆಯಿಸಿದೆ: "ಕೋಶವು ವಿದ್ಯುದಾವೇಶವನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ, ಹೊರಗಣ ಮಂಡಲದಲ್ಲಿ ಅದು ಇಳಿಯುವಾಗ ಕೆಲಸ ನಡೆಯುತ್ತದೆ." ಕಾರಣವನ್ನೂ ವಿವರಿಸಿದೆ. ಎಲ್ಲರೂ ತಲೆತಗ್ಗಿಸಿ ಬರೆದುಕೊಳ್ಳುತ್ತಿದ್ದಾಗ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಇದು ಸರಿ ಸರ್. ಆದರೆ ಹಿಂದಿನದೇ ಚೆನ್ನಾಗಿತ್ತು" ಎಂದ.

"ಬರೆದುಕೊ" ಎಂದೆ.